ಸ್ಥಾವರಕ್ಕೆ ತಂತಿ, ಜಂಗಮಕ್ಕೆ ಆಕಾಶ

ಮನೆ ಕಟ್ಟಿಸುವ ಗೃಹಸ್ಥನು ಬಾವಿ ಎಲ್ಲಿರಬೇಕು, ಬಚ್ಚಲು ಎಲ್ಲಿರಬೇಕು, ಒಲೆಯ ಹೊಗೆಗೆ ದಾರಿ ಯಾವುದು ಎಂಬುದನ್ನು ಮೊದಲೇ ಯೋಚಿಸುತ್ತಿದ್ದ ಕಾಲವೊಂದಿದ್ದಿತು. ಆಮೇಲೆ ನಲ್ಲಿಯ ಕೊಳವೆ ಬಂದಿತು. ಅದರ ಹಿಂದೆಯೇ ವಿದ್ಯುದ್ದೀಪದ ತಂತಿ ಬಂದಿತು. ಇವುಗಳಿಗೂ ನಾವು ಗೋಡೆಗಳಲ್ಲಿ ಸ್ಥಳ ಕೊಟ್ಟೆವು. ಈಗ ಮತ್ತೊಂದು ಬಂದಿದೆ. ಅದು ಕಣ್ಣಿಗೆ ಕಾಣದು, ಕಿವಿಗೆ ಕೇಳದು, ಆದರೆ ಒಂದು ಗಳಿಗೆ ನಿಂತುಹೋದರೆ ಮನೆಯ ಮೂಲೆಮೂಲೆಗಳಿಂದ ಎಲ್ಲರೂ ಏಕಕಾಲದಲ್ಲಿ “ಹೋಯಿತು!” ಎಂದು ಕೂಗಿಕೊಳ್ಳುವರು. ಮನೆಯೊಳಗಿನ ಗಣಕಯಂತ್ರ, ಮೊಬೈಲು, ಮುದ್ರಣಯಂತ್ರ ಮೊದಲಾದುವನ್ನು ಒಂದಕ್ಕೊಂದು ಪೋಣಿಸುವ ಗೃಹಜಾಲವೇ ಅದು. ನಲ್ಲಿಗೆ ಕೊಟ್ಟಷ್ಟು ಯೋಚನೆಯನ್ನು ನಾವು ಇದಕ್ಕೆ ಕೊಡುವುದಿಲ್ಲ. ಯಾರೋ ಬಂದು ಬಾಗಿಲ ಬಳಿ ಪೆಟ್ಟಿಗೆಯೊಂದನ್ನು ತಗುಲಿಹಾಕಿ ಹೋಗುವರು. ಅದರಿಂದ ಮನೆಯೆಲ್ಲವೂ ತುಂಬಬೇಕೆಂದು ನಾವು ನಿರೀಕ್ಷಿಸುವೆವು.

ನಾನು ಜನ್ಮತಃ ಯಂತ್ರಶಾಸ್ತ್ರದವನಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಹುಡುಗರಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಪಾಠ ಹೇಳಿ, ಅರುವತ್ತು ತುಂಬಿದ ಮೇಲೆ ಮನೆ ಸೇರಿದವನು. ಇಂತಹವನು ಈ ವಿಷಯಕ್ಕೆ ಕೈಹಾಕಿದುದೇಕೆ ಎಂದು ವಾಚಕರಿಗೆ ಆಶ್ಚರ್ಯವಾಗಬಹುದು. ಅದಕ್ಕೆ ಕಾರಣವುಂಟು.

ಮೈಸೂರಿನ ಹಳೆಯ ಬೀದಿಯೊಂದರಲ್ಲಿ ನಮ್ಮ ತಾತಂದಿರು ಕಟ್ಟಿಸಿದ ತೊಟ್ಟಿಯ ಮನೆ ನಮ್ಮದು. ನಮ್ಮ ಚಿರಂಜೀವಿಯು ಬೆಂಗಳೂರಿನ ಕಛೇರಿಯೊಂದರಲ್ಲಿ ಗಣಕಯಂತ್ರದ ಕೆಲಸದಲ್ಲಿರುವನು. ೨೦೨೦ನೆಯ ಇಸವಿಯ ಮಹಾಮಾರಿಯ ಕಾಲದಲ್ಲಿ ಹೆಂಡತಿಯನ್ನೂ ಮೂರು ವರ್ಷದ ಮಗಳನ್ನೂ ಕರೆದುಕೊಂಡು ಊರಿಗೆ ಬಂದವನು, ಕಛೇರಿಯ ಅನುಮತಿಯಿಂದ ಇಲ್ಲಿಯೇ ನಿಂತನು. ಬಹು ದಿನ ಮುಚ್ಚಿದ್ದ ಒಳಕೋಣೆಯ ಕಿಟಕಿ ತೆರೆಯಿತು. ನಮ್ಮ ಮನೆಯಾಕೆಯ ಮುಖದಲ್ಲಿ ಗೆಲುವು ಮೂಡಿತು. ಆದರೆ ಕಳೆದ ಆಷಾಢದ ಒಂದು ದಿನ, ಆತನು ತನ್ನ ಮೇಲಧಿಕಾರಿಗಳೆದುರು ಮುಖ್ಯವಾದ ವರದಿಯೊಂದನ್ನು ಒಪ್ಪಿಸುತ್ತಿದ್ದಾಗ, ಒಂದು ಗಂಟೆಯೊಳಗೆ ಮೂರು ಸಲ ಮಾತು ಕಡಿದುಹೋಯಿತು. ಆ ಸಂಜೆ ಆತನು ಊಟಕ್ಕೆ ಕುಳಿತಾಗ ತಲೆ ಎತ್ತಲಿಲ್ಲ. ಬಹಳ ಹೊತ್ತಿನ ಮೇಲೆ, “ಅಪ್ಪಾ, ಮನೆಯಲ್ಲಿ ಸರಿಯಾದ ಸಂಪರ್ಕವಿಲ್ಲದಿದ್ದರೆ ಬೆಂಗಳೂರಿಗೇ ಬಂದುಬಿಡಿ ಅಂತ ಹೇಳಿದಾರೆ. ಬಾಡಿಗೆಗೆ ಒಂದು ಮನೆ ನೋಡಿಟ್ಟಿದೀನಿ” ಎಂದನು. ನಮ್ಮಾಕೆ ಬಡಿಸುತ್ತಿದ್ದ ಸೌಟು ಅಲ್ಲಿಯೇ ನಿಂತಿತು. ಮೊಮ್ಮಗಳೊಬ್ಬಳಿಗೆ ಮಾತ್ರ ಏನೂ ತಿಳಿಯಲಿಲ್ಲ.

ಗೋಡೆಯೊಂದರ ದೆಸೆಯಿಂದ ಮಗನು ಮನೆ ಬಿಟ್ಟು ಹೋಗುವುದೆಂದರೇನು? ಅಂದು ರಾತ್ರಿಯೇ ನಾನು ಒಂದು ನೂರು ಪುಟದ ನೋಟುಪುಸ್ತಕವನ್ನು ತೆಗೆದು ಮೊದಲ ಪುಟದಲ್ಲಿ ಮನೆಯ ನಕ್ಷೆಯನ್ನು ಬರೆದೆನು. ಅಲ್ಲಿಂದ ಮುಂದೆ ಕಲಿತುದನ್ನೂ, ಕಲಿಯುವಾಗ ಮಾಡಿದ ತಪ್ಪುಗಳನ್ನೂ ಇಲ್ಲಿ ಅರಿಕೆ ಮಾಡುತ್ತೇನೆ.

ಹೊರಗಿನ ದೋಷವೋ, ಒಳಗಿನ ದೋಷವೋ?

ಮೊದಲು ಅರಿಯತಕ್ಕದ್ದು ಇಷ್ಟು: ಅಂತರ್ಜಾಲವು ಬೇರೆ, ಗೃಹಜಾಲವು ಬೇರೆ. ನಗರಪಾಲಿಕೆಯವರು ಬೀದಿಯ ಕೊಳವೆಯಿಂದ ನಮ್ಮ ಗೇಟಿನವರೆಗೆ ನೀರು ತರುವರು. ಅಲ್ಲಿಂದ ಅಡಿಗೆಮನೆಗೂ ಬಚ್ಚಲಿಗೂ ಹೋಗುವ ಕೊಳವೆ ನಮ್ಮದು. ಅದರಂತೆಯೇ, ಸಂಪರ್ಕ ಕೊಡುವ ಕಂಪೆನಿಯವರು ಗಾಜಿನ ಎಳೆಯೊಂದನ್ನು ಬಾಗಿಲವರೆಗೆ ತಂದು, ರೂಟರು ಎಂಬ ಪೆಟ್ಟಿಗೆಯೊಂದಕ್ಕೆ ಜೋಡಿಸಿ ಹೋಗುವರು. ಆ ಪೆಟ್ಟಿಗೆಯಿಂದ ಈಚೆಗಿನದೆಲ್ಲವೂ ನಮ್ಮ ಜವಾಬ್ದಾರಿ. ಹೊರಗಿನ ಸಂಪರ್ಕ ಕಡಿದುಹೋದರೂ ಒಳಗಿನ ಜಾಲವು ಬದುಕಿರುತ್ತದೆ. ಒಂದು ಕೋಣೆಯ ಗಣಕಯಂತ್ರದಿಂದ ಇನ್ನೊಂದು ಕೋಣೆಯ ಮುದ್ರಣಯಂತ್ರಕ್ಕೆ ಆಗಲೂ ಕಾಗದ ಕಳುಹಿಸಬಹುದು.

ಆದುದರಿಂದ ಮೊದಲ ಪರೀಕ್ಷೆ ಎರಡು ಮೊಳದ ಕೇಬಲ್ಲಿನದು. ಲ್ಯಾಪ್‌ಟಾಪನ್ನು ರೂಟರಿನ ಬಳಿಗೆ ಒಯ್ದು, ಕೇಬಲ್ಲಿನಿಂದ ನೇರವಾಗಿ ಜೋಡಿಸಿ ವೇಗವನ್ನು ಅಳೆಯಬೇಕು. ನಾವು ಹಣ ಕೊಡುತ್ತಿದ್ದುದು ನೂರು ಮೆಗಾಬಿಟ್ಟಿನ ವೇಗಕ್ಕೆ. ಕೇಬಲ್ಲಿನಲ್ಲಿ ತೊಂಬತ್ತಕ್ಕೆ ಮೇಲ್ಪಟ್ಟು ಬಂದಿತು. ಮಗನ ಒಳಕೋಣೆಯಲ್ಲಿ ಗಾಳಿಯ ಮೂಲಕ ಅಳೆದಾಗ ನಾಲ್ಕು. ಅಲ್ಲಿಯವರೆಗೆ ನಾವೆಲ್ಲರೂ ಕಂಪೆನಿಯವರನ್ನು ಬೈಯುತ್ತಿದ್ದೆವು. ಗೇಟಿನಲ್ಲಿ ನೀರು ಭೋರ್ಗರೆಯುತ್ತಿರಲು ಬಚ್ಚಲಲ್ಲಿ ತೊಟ್ಟಿಕ್ಕಿದರೆ ನಗರಪಾಲಿಕೆಯವರನ್ನು ದೂರಿ ಫಲವೇನು?

ಎರಡನೆಯ ಪರೀಕ್ಷೆಯನ್ನು ಎಂಟು ವರ್ಷದ ಮೊಮ್ಮಗಳು ನಡೆಸಿದಳು. ಅಲೆಯ ಬಲವನ್ನು ಅಂಕಿಯಲ್ಲಿ ತೋರಿಸುವ ಉಚಿತ ಸಾಧನವೊಂದನ್ನು ಮೊಬೈಲಿನಲ್ಲಿ ಹಾಕಿಕೊಂಡು ಕೋಣೆಯಿಂದ ಕೋಣೆಗೆ ಓಡಾಡುತ್ತ, “ತಾತಾ, ಇಲ್ಲಿ ನಲವತ್ತೆರಡು! ಇಲ್ಲಿ ಐವತ್ತೆಂಟು!” ಎಂದು ಕೂಗಿ ಹೇಳುವಳು, ನಾನು ನಕ್ಷೆಯಲ್ಲಿ ಬರೆದುಕೊಳ್ಳುವೆನು. ಈ ಅಂಕಿಗಳು ಋಣಸಂಖ್ಯೆಗಳು. ಶೂನ್ಯಕ್ಕೆ ಹತ್ತಿರವಾದಷ್ಟೂ ಮೇಲು. ಹತ್ತು ಇಳಿದರೆ ಬಲವು ಹತ್ತನೆಯ ಒಂದು ಭಾಗಕ್ಕೆ ಬರುತ್ತದೆ. ಆದುದರಿಂದ ಋಣ ಐವತ್ತಕ್ಕೂ ಋಣ ಎಂಬತ್ತಕ್ಕೂ ಇರುವ ಅಂತರವು ಸಾವಿರ ಪಾಲಿನದು. ಮುಖ ನೋಡಿ ಮಾತಾಡುವುದಕ್ಕೆ ಋಣ ಅರುವತ್ತೇಳಕ್ಕಿಂತ ಕೆಳಗಿಳಿಯದಿದ್ದರೆ ಕ್ಷೇಮ. ಬಾಗಿಲಲ್ಲಿ ಋಣ ೪೨, ತೊಟ್ಟಿಯಲ್ಲಿ ೫೮, ಅಡಿಗೆಮನೆಯಲ್ಲಿ ೭೦, ಮಗನ ಕೋಣೆಯಲ್ಲಿ ೮೧. ನಡುವೆ ಇದ್ದವು ಒಂದೂವರೆ ಅಡಿ ದಪ್ಪದ ಎರಡು ಇಟ್ಟಿಗೆಯ ಗೋಡೆಗಳು, ಮತ್ತು ನಮ್ಮಾಕೆಯ ಉಕ್ಕಿನ ಬೀರು. ಲೋಹವು ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ. ದಪ್ಪ ಗೋಡೆಯೂ ನೀರಿನ ತೊಟ್ಟಿಯೂ ಅದನ್ನು ಹೀರುತ್ತವೆ. ಬೇಸಿಗೆಯಲ್ಲಿ ನಮ್ಮನ್ನು ತಂಪಾಗಿಟ್ಟ ಗೋಡೆಗಳೇ ಇಲ್ಲಿ ಅಡ್ಡ ನಿಂತಿದ್ದವು.

ಹೆಸರಿನ ಒಂದು ವಿನೋದ

ಇಲ್ಲಿ ಸ್ವಲ್ಪ ಪೂರ್ವಕಥೆಯನ್ನು ಹೇಳಬೇಕಾಗಿದೆ. ತಂತಿಯದು ಹಳೆಯ ಕ್ರಮ, ನಿಸ್ತಂತುವು ಹೊಸದು ಎಂದು ಸಾಮಾನ್ಯವಾಗಿ ಜನರು ಭಾವಿಸುವರು. ಆದರೆ ಮನೆಗಳಿಗೆ ಬಂದ ಜಾಲದ ಮೂಲವನ್ನು ಹುಡುಕುತ್ತ ಹೋದರೆ ಮೊದಲು ಸಿಕ್ಕುವುದು ನಿಸ್ತಂತುವೇ. ಶಾಂತಸಾಗರದ ನಡುವಣ ಹವಾಯಿ ದ್ವೀಪಗಳಲ್ಲಿ, ಒಂದು ದ್ವೀಪದವರು ಇನ್ನೊಂದು ದ್ವೀಪದ ವಿಶ್ವವಿದ್ಯಾನಿಲಯದ ಗಣಕಯಂತ್ರವನ್ನು ಬಳಸುವುದಕ್ಕಾಗಿ ನಾರ್ಮನ್ ಅಬ್ರಾಮ್‌ಸನ್ ಎಂಬ ಅಧ್ಯಾಪಕರು ೧೯೭೧ರಲ್ಲಿ ರೇಡಿಯೋ ಅಲೆಗಳ ಜಾಲವೊಂದನ್ನು ನಡೆಯಿಸಿದರು. ಅದರ ಹೆಸರು ‘ಅಲೋಹಾ’. ಅದರ ಕ್ರಮವನ್ನು ಅಭ್ಯಾಸಮಾಡಿದ ರಾಬರ್ಟ್ ಮೆಟ್‌ಕಾಫ್ ಎಂಬವರು, ಕ್ಯಾಲಿಫೋರ್ನಿಯಾದಲ್ಲಿದ್ದ ಜೆರಾಕ್ಸ್ ಕಂಪೆನಿಯ ಸಂಶೋಧನಾಲಯದಲ್ಲಿ ೧೯೭೩ರಲ್ಲಿ ಅದೇ ಬಗೆಯ ಯೋಜನೆಯನ್ನು ಕೇಬಲ್ಲಿಗೆ ಅಳವಡಿಸಿ, ಡೇವಿಡ್ ಬಾಗ್ಸ್ ಎಂಬವರೊಡನೆ ಕಟ್ಟಿ ನಿಲ್ಲಿಸಿದರು.

ಅದಕ್ಕೆ ಅವರಿಟ್ಟ ಹೆಸರು ‘ಈಥರ್‌ನೆಟ್’. ಹತ್ತೊಂಬತ್ತನೆಯ ಶತಮಾನದ ಪಾಶ್ಚಾತ್ಯ ವಿಜ್ಞಾನಿಗಳು, ಬೆಳಕು ಸಂಚರಿಸುವುದಕ್ಕೆ ಈಥರ್ ಎಂಬ ಸರ್ವವ್ಯಾಪಿಯಾದ ಸೂಕ್ಷ್ಮದ್ರವ್ಯವೊಂದಿರಬೇಕೆಂದು ಊಹಿಸಿದ್ದರು. ೧೮೮೭ರಲ್ಲಿ ಮೈಕೆಲ್‌ಸನ್ ಮತ್ತು ಮಾರ್ಲೆ ಎಂಬವರು ಪ್ರಯೋಗ ಮಾಡಿ ನೋಡಿದಾಗ ಅದರ ಸುಳಿವು ಸಿಕ್ಕಲಿಲ್ಲ. ವಿಜ್ಞಾನವು ಕೈಬಿಟ್ಟ ಆ ಹೆಸರು ಒಂದು ಕೇಬಲ್ಲಿಗೆ ಬಂದು ಕುಳಿತಿತು! ನಮ್ಮ ತರ್ಕಶಾಸ್ತ್ರವನ್ನು ಓದಿದವರು ಆಕಾಶವು ಶಬ್ದಗುಣವುಳ್ಳ ದ್ರವ್ಯವೆಂದೂ, ಅದು ಸರ್ವರಿಗೂ ಒಂದೇ ಎಂದೂ ಬಾಲ್ಯದಲ್ಲಿಯೇ ಕಲಿತಿರುವರು. ಹೀಗೆ ಆಕಾಶದ ಹೆಸರು ತಂತಿಯ ಪಾಲಾಗಿ, ನಿಜವಾಗಿ ಆಕಾಶದಲ್ಲಿ ಸಂಚರಿಸುವ ಜಾಲಕ್ಕೆ ೧೯೯೯ರಲ್ಲಿ ‘ವೈಫೈ’ ಎಂಬ, ಯಾವುದರ ಸಂಕ್ಷೇಪವೂ ಅಲ್ಲದ, ಹೆಸರು ಅಂಟಿಕೊಂಡಿತು.

ಮೊದಲಿನ ಈಥರ್‌ನೆಟ್ಟಿನ ನಡವಳಿಕೆಯು ಉಪಾಧ್ಯಾಯನಾದ ನನ್ನ ಮನಸ್ಸಿಗೆ ಬಹಳ ಹಿಡಿಯಿತು. ಅಲ್ಲಿ ಎಲ್ಲ ಯಂತ್ರಗಳಿಗೂ ಒಂದೇ ಕೇಬಲ್ಲು. ಮಾತಾಡಬೇಕೆನ್ನುವ ಯಂತ್ರವು ಮೊದಲು ಕಿವಿಗೊಟ್ಟು ಕೇಳಬೇಕು. ಬೇರೆ ಯಾರೂ ಮಾತಾಡುತ್ತಿಲ್ಲವೆಂದು ಗೊತ್ತಾದರೆ ಮಾತ್ರ ಮಾತಾಡಬೇಕು. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಇಬ್ಬರೂ ನಿಲ್ಲಿಸಿ, ಒಬ್ಬೊಬ್ಬರು ಒಂದೊಂದು ಅನಿಯತವಾದ ಕಾಲ ಸುಮ್ಮನಿದ್ದು ಮತ್ತೆ ಪ್ರಯತ್ನಿಸಬೇಕು. ನಮ್ಮ ಸಭೆಗಳಲ್ಲಿ ಇಷ್ಟು ಮರ್ಯಾದೆಯಿದ್ದರೆ ಎಷ್ಟು ಚೆನ್ನಾಗಿರುತ್ತಿದ್ದಿತು!

ಈಗಿನ ತಂತಿಯ ಜಾಲದಲ್ಲಿ ಆ ಕಾಯುವಿಕೆಯೂ ತಪ್ಪಿದೆ. ಸ್ವಿಚ್ಚು ಎಂಬ ಸಣ್ಣ ಪೆಟ್ಟಿಗೆಯಿಂದ ಒಂದೊಂದು ಯಂತ್ರಕ್ಕೂ ಪ್ರತ್ಯೇಕವಾದ ಕೇಬಲ್ಲು ಹೋಗುತ್ತದೆ. ಒಳ್ಳೆಯ ಅಂಚೆಯವನು ವಿಳಾಸ ನೋಡಿ ಕಾಗದವನ್ನು ಆಯಾ ಮನೆಗೇ ಮುಟ್ಟಿಸುವಂತೆ, ಸ್ವಿಚ್ಚು ಯಾರದನ್ನು ಅವರಿಗೇ ತಲುಪಿಸುತ್ತದೆ. ಒಬ್ಬರ ದಾರಿಗೆ ಇನ್ನೊಬ್ಬರು ಅಡ್ಡ ಬರುವುದಿಲ್ಲ. ಆದರೆ ಗಾಳಿಯಲ್ಲಿ ಹಳೆಯ ನಿಯಮವೇ ಇಂದಿಗೂ ನಡೆದಿದೆ. ಆಕಾಶವು ಎಲ್ಲರಿಗೂ ಒಂದೇ ಆದುದರಿಂದ ಒಂದು ಪಥದಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ಟೆಲಿವಿಷನ್ನು, ಮೇಜಿನ ಗಣಕಯಂತ್ರ, ಐದಾರು ಮೊಬೈಲುಗಳು, ಇವುಗಳ ಜೊತೆಗೆ ನೆರೆಮನೆಯವರ ರೂಟರು, ಎಲ್ಲವೂ ಅದೇ ಸರದಿಯಲ್ಲಿ ನಿಲ್ಲತಕ್ಕವುಗಳೇ.

ಇದರಿಂದ ನನಗೆ ದೊರೆತ ಸೂತ್ರವು ಇಷ್ಟೇ: ಸ್ಥಾವರಕ್ಕೆ ತಂತಿ, ಜಂಗಮಕ್ಕೆ ಆಕಾಶ. ಇದ್ದಲ್ಲಿಯೇ ಇರುವ ಮೇಜಿನ ಗಣಕಯಂತ್ರ, ಟೆಲಿವಿಷನ್ನು, ಮುದ್ರಣಯಂತ್ರ, ಮಗನು ದಿನವೆಲ್ಲ ಕೂರುವ ಮೇಜು, ಇವುಗಳಿಗೆ ತಂತಿಯನ್ನು ಕೊಡಬೇಕು. ಕೈಯಲ್ಲಿ ಹಿಡಿದು ಓಡಾಡುವ ಮೊಬೈಲಿಗೂ, ಜಗಲಿಗೂ ತೊಟ್ಟಿಗೂ ಅಲೆಯುವ ಲ್ಯಾಪ್‌ಟಾಪಿಗೂ ಗಾಳಿಯನ್ನು ಬಿಟ್ಟುಕೊಡಬೇಕು. ಸ್ಥಾವರವು ತಂತಿಗೆ ಹೋದಷ್ಟೂ ಜಂಗಮಕ್ಕೆ ಆಕಾಶವು ತೆರಪಾಗುತ್ತದೆ.

ನಾನು ಮಾಡಿದ ಎರಡು ತಪ್ಪುಗಳು

ಸೂತ್ರವು ದೊರೆತುದು ಎರಡು ತಪ್ಪುಗಳಾದ ಮೇಲೆ. ಅಂಗಡಿಯವನೊಬ್ಬನ ಮಾತು ಕೇಳಿ, ಅಲೆಯನ್ನು ಹಿಗ್ಗಿಸುವುದೆಂಬ ಸಾಧನವೊಂದನ್ನು ಮೊದಲು ಕೊಂಡುತಂದೆನು. ಅದನ್ನು ಮಗನ ಕೋಣೆಯಲ್ಲಿಯೇ ಚುಚ್ಚಿದೆನು. ಮೊಬೈಲಿನಲ್ಲಿ ಗೆರೆಗಳೆಲ್ಲವೂ ತುಂಬಿ ತೋರಿದುವು. ವೇಗವು ಮಾತ್ರ ಏಳಕ್ಕಿಂತ ಮೇಲೇಳಲಿಲ್ಲ. ಕಾರಣವು ಸುಲಭ. ಹಿಂದಿನ ಬೆಂಚಿನ ಹುಡುಗನಿಗೆ ಪಾಠವೇ ಅರ್ಧ ಕೇಳಿಸುತ್ತಿರಲು, ಆತನು ಅದನ್ನು ಎಷ್ಟು ಗಟ್ಟಿಯಾಗಿ ಪಕ್ಕದವನಿಗೆ ಹೇಳಿದರೂ ಹೇಳುವುದು ಅರ್ಧವನ್ನೇ. ಅಲ್ಲದೆ ಕೇಳುವುದಕ್ಕೂ ಹೇಳುವುದಕ್ಕೂ ಒಂದೇ ಪಥವಿರುವ ಸಾಧನದಲ್ಲಿ ಒಂದೊಂದು ಮಾತಿಗೂ ಎರಡು ಪಾಲು ಕಾಲ ಹಿಡಿಯುತ್ತದೆ. ಅದನ್ನು ಇಡಬೇಕಾದ ಸ್ಥಳವು ಪಾಠ ಇನ್ನೂ ಚೆನ್ನಾಗಿ ಕೇಳುವ ನಡುಮನೆ. ಅದಕ್ಕೂ ಮೇಲು, ಅದನ್ನು ಬಿಟ್ಟು ಕೇಬಲ್ಲನ್ನೇ ಎಳೆಯುವುದು.

ಎರಡನೆಯ ತಪ್ಪು ಇನ್ನೂ ದೊಡ್ಡದು. ಒಳಕೋಣೆಯವರೆಗೆ ಕೇಬಲ್ಲನ್ನು ಎಳೆಸಿ, ಅದರ ತುದಿಗೆ ಮೂಲೆಯಲ್ಲಿ ಬಿದ್ದಿದ್ದ ಹಳೆಯ ರೂಟರನ್ನು ಜೋಡಿಸಿದೆನು. ಒಂದು ಗಳಿಗೆ ಎಲ್ಲವೂ ಸರಿಯಾಗಿದ್ದಿತು. ಮರುಗಳಿಗೆ ಮನೆಯಲ್ಲೆಲ್ಲ ಕೂಗು. ಮಗನು ಬಂದು ನೋಡಿ ನಕ್ಕು, “ಅಪ್ಪಾ, ಒಂದೇ ಸ್ಕೂಲಿಗೆ ಇಬ್ಬರು ಹೆಡ್‌ಮಾಸ್ಟರನ್ನ ಕೂರಿಸಿದೀರಲ್ಲ!” ಎಂದನು. ಇದನ್ನು ಸ್ವಲ್ಪ ವಿವರಿಸಬೇಕು.

ಜಾಲದಲ್ಲಿರುವ ಪ್ರತಿಯೊಂದು ಯಂತ್ರಕ್ಕೂ ಒಂದು ಅಂಕಿಯ ವಿಳಾಸವುಂಟು. ಬಹುಕಾಲದಿಂದ ಬಳಕೆಯಲ್ಲಿರುವ ಕ್ರಮದಲ್ಲಿ ಇಡೀ ಲೋಕಕ್ಕೆ ಇರುವ ವಿಳಾಸಗಳು ಸುಮಾರು ೪೩೦ ಕೋಟಿ. ಲೋಕದ ಜನಸಂಖ್ಯೆಯೇ ೮೦೦ ಕೋಟಿಯನ್ನು ದಾಟಿದೆ. ಒಬ್ಬೊಬ್ಬರಿಗೆ ಎರಡು ಮೂರು ಯಂತ್ರಗಳು. ಸಾಲದೆಂಬುದು ಮೊದಲೇ ತಿಳಿದಿದ್ದುದರಿಂದ, ಕೆಲವು ವಿಳಾಸಗಳನ್ನು ಮನೆಯೊಳಗೆ ಮಾತ್ರ ಬಳಸಬೇಕೆಂದು ೧೯೯೬ರಲ್ಲಿ ಗೊತ್ತುಮಾಡಿದರು. ೧೯೨.೧೬೮ ಎಂದು ಮೊದಲಾಗುವ ವಿಳಾಸಗಳು ಅಂತಹವು. ಪ್ರತಿ ಮನೆಯಲ್ಲಿಯೂ ಒಬ್ಬ ‘ಪುಟ್ಟ’ನಿರಬಹುದು, ಬೀದಿಯವರಿಗೆ ಬೇಕಾದುದು ಮನೆಯ ನಂಬರು ಮಾತ್ರ. ಹಾಗೆಯೇ ಸಾಮಾನ್ಯವಾಗಿ ಮನೆಯಲ್ಲಿರುವ ಯಂತ್ರಗಳೆಲ್ಲವೂ ಹೊರಗಿನವರಿಗೆ ಒಂದೇ ವಿಳಾಸದಿಂದ ಕಾಣುವುವು. ಒಳಗೆ ಯಾವುದು ಯಾರದೆಂದು ವಿಂಗಡಿಸುವ ಕೆಲಸ ರೂಟರಿನದು. ಮನೆಗೆ ಬಂದ ಹೊಸ ಯಂತ್ರಕ್ಕೆ ವಿಳಾಸ ಕೊಡುವುದೂ ಅದೇ. ಮುಖ್ಯೋಪಾಧ್ಯಾಯರು ಹೊಸ ಹುಡುಗನಿಗೆ ಹಾಜರಿಯ ನಂಬರು ಕೊಡುವಂತೆ.

ನನ್ನ ಹಳೆಯ ರೂಟರು ಸಹ ತಾನೇ ಮುಖ್ಯೋಪಾಧ್ಯಾಯನೆಂದು ತಿಳಿದು ತನ್ನ ಮನಸ್ಸಿಗೆ ಬಂದಂತೆ ನಂಬರು ಹಂಚತೊಡಗಿತ್ತು. ಸಾಲದುದಕ್ಕೆ ಇಬ್ಬರ ಸ್ವಂತ ವಿಳಾಸವೂ ಒಂದೇ, ೧೯೨.೧೬೮.೧.೧. ಹೀಗಿರಲು ಗೊಂದಲವಾಗದೆ ಏನಾದೀತು? ಪರಿಹಾರವು ಹೀಗೆ. ಎರಡನೆಯ ರೂಟರಿನ ವ್ಯವಸ್ಥಾಪುಟವನ್ನು ತೆರೆದು, ‘ಆಕ್ಸೆಸ್ ಪಾಯಿಂಟ್’ ಎಂಬ ಕ್ರಮವಿದ್ದರೆ ಅದನ್ನು ಆರಿಸಬೇಕು. ಇಲ್ಲದಿದ್ದರೆ ವಿಳಾಸ ಹಂಚುವ ‘ಡಿಎಚ್‌ಸಿಪಿ’ ಎಂಬುದನ್ನು ನಿಲ್ಲಿಸಿ, ಅದರ ಸ್ವಂತ ವಿಳಾಸವನ್ನು ಬೇರೆ ಮಾಡಿ, ‘ಲ್ಯಾನ್’ ಎಂದು ಬರೆದಿರುವ ರಂಧ್ರಕ್ಕೇ ಕೇಬಲ್ಲನ್ನು ಸಿಕ್ಕಿಸಬೇಕು. ಆಗ ಅದು ಮುಖ್ಯೋಪಾಧ್ಯಾಯಗಿರಿಯನ್ನು ಬಿಟ್ಟು ತರಗತಿಯ ಉಪಾಧ್ಯಾಯನಾಗಿ, ತಂತಿಯಿಂದ ಬಂದುದನ್ನು ಗಾಳಿಗೆ ಬಿಡುವ ಕೆಲಸವನ್ನು ವಿನಯದಿಂದ ಮಾಡುವುದು.

ತಂತಿಯನ್ನು ಎಳೆದ ಬಗೆ

ಗೋಡೆಗೆ ತೂತು ಕೊರೆಯುವುದೆಂದರೆ ನಮ್ಮಾಕೆಗೆ ಸಂಕಟ. ಆದರೆ ನಕ್ಷೆಯನ್ನು ನೋಡುತ್ತಿದ್ದಾಗ ನನಗೊಂದು ನೆನಪು ಬಂದಿತು. ನಮ್ಮ ತಂದೆಯವರ ಕಾಲದಲ್ಲಿ ದೂರವಾಣಿ ಹಾಕಿಸಿದಾಗ ಜಗಲಿಯಿಂದ ನಡುಮನೆಗೆ, ನಡುಮನೆಯಿಂದ ಒಳಕೋಣೆಗೆ ತಂತಿ ಹೋಗಲು ತೂತು ಕೊರೆದಿದ್ದರು. ದೂರವಾಣಿ ಹೋಗಿ ಎಷ್ಟೋ ವರ್ಷಗಳಾಗಿದ್ದವು. ತೂತುಗಳಿಗೆ ಸುಣ್ಣ ಮೆತ್ತಿಕೊಂಡಿದ್ದಿತು. ಕಡ್ಡಿಯಿಂದ ಚುಚ್ಚಿ ತೆರೆದೆವು. ಬಾಗಿಲ ಬಳಿ ಉಂಗುರದ ಫೋನು ಮೊಳಗಿದಾಗ ನಾವು ಮಕ್ಕಳು ಓಡಿಬರುತ್ತಿದ್ದ ದಾರಿಯಲ್ಲಿಯೇ ಹೊಸ ಕೇಬಲ್ಲು ಹೋಯಿತು.

ಕೇಬಲ್ಲನ್ನು ಕೊಳ್ಳುವಾಗ ಎಚ್ಚರವಿರಬೇಕು. ‘ಕ್ಯಾಟ್ ೬’ ಎಂದು ಅದರ ಮೈಮೇಲೆ ಬರೆದಿದ್ದರೆ ಮನೆಗೆ ಯಥೇಷ್ಟವಾಯಿತು. ನೂರು ಮೀಟರು ದೂರದವರೆಗೆ ಸೆಕೆಂಡಿಗೆ ಸಾವಿರ ಮೆಗಾಬಿಟ್ಟನ್ನು ಅದು ಒಯ್ಯಬಲ್ಲುದು. ೧೯೭೩ರ ಮೊದಲ ಈಥರ್‌ನೆಟ್ಟಿನ ವೇಗ ಮೂರು ಮೆಗಾಬಿಟ್ಟಿಗಿಂತ ತುಸು ಕಡಮೆಯಾಗಿದ್ದಿತೆಂಬುದನ್ನು ನೆನೆದರೆ ಈ ಬೆಳವಣಿಗೆಯು ತಿಳಿದೀತು. ಆದರೆ ಪೇಟೆಯಲ್ಲಿ ಅಲ್ಯುಮಿನಿಯಮ್ ಎಳೆಗೆ ತಾಮ್ರದ ಲೇಪ ಕೊಟ್ಟ ಕೇಬಲ್ಲೂ ಉಂಟು. ಅದು ಅಗ್ಗ, ಆದರೆ ಬೇಗ ಮುರಿಯುವಂಥದು, ದೂರಕ್ಕೆ ನಂಬತಕ್ಕದ್ದಲ್ಲ. ಒಂದು ಎಳೆಯನ್ನು ಚಾಕುವಿನಿಂದ ಕೆರೆದು ನೋಡಬೇಕು. ಒಳಗೂ ಕೆಂಪಾಗಿದ್ದರೆ ಶುದ್ಧ ತಾಮ್ರ, ಬೆಳ್ಳಗೆ ಕಂಡರೆ ಲೇಪ. ಅಕ್ಕಸಾಲಿಗನ ಒರೆಗಲ್ಲಿನಂತೆ ಇದೂ ಒಂದು ಒರೆ.

ಕೇಬಲ್ಲಿನೊಳಗೆ ಎಂಟು ಎಳೆಗಳಿವೆ; ಎರಡೆರಡನ್ನು ಹುರಿಮಾಡಿ ನಾಲ್ಕು ಜೋಡಿಯಾಗಿಸಿರುವರು. ಈ ಹುರಿಯು ಅಂದಕ್ಕಾಗಿ ಅಲ್ಲ. ಹೊರಗಿನ ವಿದ್ಯುತ್ತಿನ ಕಲಕಾಟವು ಎರಡು ಎಳೆಗಳ ಮೇಲೂ ಸಮವಾಗಿ ಬಿದ್ದು, ಕೊನೆಯಲ್ಲಿ ಒಂದರದು ಇನ್ನೊಂದರಿಂದ ಕಳೆದುಹೋಗುವಂತೆ ಮಾಡುವ ಉಪಾಯವಿದು. ದೂರವಾಣಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ಲರು ೧೮೮೧ರಲ್ಲಿಯೇ ಇದಕ್ಕೆ ಹಕ್ಕುಪತ್ರ ಪಡೆದಿದ್ದರು. ಹೀಗಿದ್ದರೂ ಇದನ್ನು ದೀಪದ ತಂತಿಯ ಕೊಳವೆಯೊಳಗೇ ತೂರಿಸಕೂಡದು. ಕಲಕಾಟದ ಭಯ ಒಂದು, ಪ್ರಾಣಭಯ ಇನ್ನೊಂದು. ಎರಡನ್ನೂ ದೂರದೂರವಾಗಿ ನಡೆಸಿ, ದಾಟಲೇಬೇಕಾದಲ್ಲಿ ಒಂದಕ್ಕೊಂದು ಅಡ್ಡವಾಗಿ ದಾಟಿಸಬೇಕು.

ನಮ್ಮ ಬೀದಿಯ ಎಲೆಕ್ಟ್ರೀಷಿಯನ್ನನು ತುದಿಗಳಿಗೆ ಗುಬುಟು ಹಾಕಿಕೊಟ್ಟನು. ಸಂಪರ್ಕವೇನೋ ಬಂದಿತು. ಆದರೆ ಗಣಕಯಂತ್ರವು ಸಾವಿರದ ಬದಲು ನೂರೆಂದು ತೋರಿಸಿತು. ನೂರರ ವೇಗಕ್ಕೆ ಎರಡು ಜೋಡಿಯಿದ್ದರೆ ಸಾಕು, ಸಾವಿರಕ್ಕೆ ನಾಲ್ಕೂ ಬೇಕು. ಎಂಟರಲ್ಲಿ ಯಾವುದೋ ಒಂದು ಎಳೆ ಕಚ್ಚಿಕೊಂಡಿರಲಿಲ್ಲ. ಗುಬುಟನ್ನು ಕತ್ತರಿಸಿ ಹೊಸದನ್ನು ಹಾಕಿದ ಮೇಲೆ ಸರಿಯಾಯಿತು. ವಾಚಕರು ಸಹ ಕೆಲಸದವನನ್ನು ಕಳುಹಿಸುವ ಮೊದಲು ಈ ಅಂಕಿಯನ್ನು ನೋಡಿಕೊಳ್ಳುವುದು ಒಳ್ಳೆಯದು.

ಮಗನ ಮೇಜಿನ ಕೆಳಗೆ ಐದು ರಂಧ್ರಗಳ ಒಂದು ಸ್ವಿಚ್ಚು ಇಟ್ಟೆವು. ಅದರಿಂದ ಆತನ ಗಣಕಯಂತ್ರಕ್ಕೆ ಒಂದು, ಮುದ್ರಣಯಂತ್ರಕ್ಕೆ ಒಂದು, ಪಕ್ಕದ ಕೋಣೆಯ ಟೆಲಿವಿಷನ್ನಿಗೆ ಒಂದು, ಗಾಳಿಗೆ ಬಿಡುವ ಹಳೆಯ ರೂಟರಿಗೆ ಒಂದು. ಬಾಗಿಲ ರೂಟರನ್ನು ಚಪ್ಪಲಿಯ ಗೂಡಿನಿಂದ ತೆಗೆದು ನಡುಮನೆಯ ಕಂಬದ ಮೇಲೆ ಎತ್ತರದಲ್ಲಿ ಇಟ್ಟೆವು.

ಗಾಳಿಯಲ್ಲಿಯೂ ಎರಡು ಪಥಗಳುಂಟು. ೨.೪ ಗಿಗಾಹರ್ಟ್ಸಿನ ಅಲೆಯು ಸುಮಾರು ಹನ್ನೆರಡೂವರೆ ಸೆಂಟಿಮೀಟರು ಉದ್ದದ್ದು; ಗೋಡೆಯನ್ನು ತಕ್ಕಮಟ್ಟಿಗೆ ದಾಟುತ್ತದೆ, ಆದರೆ ಜನಸಂದಣಿ ಬಹಳ. ಮೈಕ್ರೋವೇವ್ ಒಲೆಯೂ ಆ ಪಥದಲ್ಲಿಯೇ ಗದ್ದಲ ಮಾಡುತ್ತದೆ. ೫ ಗಿಗಾಹರ್ಟ್ಸಿನದು ಆರು ಸೆಂಟಿಮೀಟರಿಗಿಂತ ಕಡಮೆ. ವೇಗ ಹೆಚ್ಚು, ಗೋಡೆಯೆದುರು ಸೋಲುತ್ತದೆ. ಒಂದೇ ಕೋಣೆಯೊಳಗೆ ಎರಡನೆಯದು, ಹಿತ್ತಲಿಗೆ ಮೊದಲನೆಯದು ಎಂದು ಇಟ್ಟುಕೊಳ್ಳಬಹುದು. ಹಿಂದೆ ರೇಡಿಯೋ ಪೆಟ್ಟಿಗೆ ಇಟ್ಟುಕೊಳ್ಳುವುದಕ್ಕೂ ಅಂಚೆಕಛೇರಿಯಲ್ಲಿ ಪರವಾನಗಿ ಪಡೆಯಬೇಕಾಗಿದ್ದಿತು. ೨.೪ರ ಪಥದಲ್ಲಿ ಅಲ್ಪಬಲದ ಸಾಧನಗಳನ್ನು ಪರವಾನಗಿಯಿಲ್ಲದೆ ಬಳಸಬಹುದೆಂದು ಭಾರತ ಸರಕಾರದವರು ೨೦೦೫ರಲ್ಲಿ ನಿಯಮ ಮಾಡಿದುದರಿಂದ ನಮ್ಮ ಮನೆಗಳಿಗೆ ಇದು ನಿರಾತಂಕವಾಗಿ ಬಂದಿತು.

ಇಷ್ಟಕ್ಕೂ ನಮಗಾದ ವೆಚ್ಚ, ಕೂಲಿಯೂ ಸೇರಿ, ಆರು ಸಾವಿರ ರೂಪಾಯಿಗಳೊಳಗೆ. ಅದರಲ್ಲಿ ಅತ್ಯಂತ ಉಪಯುಕ್ತವಾದ ವಸ್ತುವೆಂದರೆ ರೂಟರಿಗೆಂದೇ ದೊರೆಯುವ ಪುಟ್ಟ ಬ್ಯಾಟರಿಯ ಪೆಟ್ಟಿಗೆ. ವಿದ್ಯುತ್ತು ಹೋದರೂ ಎರಡು ಮೂರು ಗಂಟೆ ಸಂಪರ್ಕ ನಿಲ್ಲದು. ಮನೆಯಲ್ಲಿ ಇನ್ವರ್ಟರು ಇದ್ದರೂ, ಅದು ಕೆಲಸಕ್ಕೆ ಹತ್ತುವ ಅರೆಕ್ಷಣದೊಳಗೆ ರೂಟರು ಒಮ್ಮೆ ಆರಿ ಮತ್ತೆ ಮೊದಲಿಂದ ಆರಂಭಿಸುವುದುಂಟು. ಮಗನ ಮಾತು ಕಡಿದ ಮೂರು ಸಲಗಳಲ್ಲಿ ಒಂದು ಹೀಗೆಯೇ ಆದುದೆಂದು ಆಮೇಲೆ ತಿಳಿಯಿತು.

ಬಾಗಿಲಿಗೆ ಅಗುಳಿ

ಕೆಲಸ ಮುಗಿದ ದಿನ ರೂಟರಿನ ವ್ಯವಸ್ಥಾಪುಟದಲ್ಲಿ, ಜಾಲದಲ್ಲಿರುವ ಯಂತ್ರಗಳ ಪಟ್ಟಿಯನ್ನು ನೋಡಿದೆನು. ನಮ್ಮವು ಒಂಬತ್ತು, ಪಟ್ಟಿಯಲ್ಲಿದ್ದುವು ಹದಿಮೂರು. ಪೆಟ್ಟಿಗೆ ಹಾಕಿದವನು ನಮ್ಮ ಮೊಬೈಲಿನ ನಂಬರನ್ನೇ ಪಾಸ್‌ವರ್ಡಾಗಿ ಇಟ್ಟು ಹೋಗಿದ್ದನು. ಪಕ್ಕದ ವಠಾರದ ಹುಡುಗರು ಅದನ್ನು ಊಹಿಸಿಕೊಂಡಿದ್ದರು. ಹುಡುಗರ ಜಾಣತನಕ್ಕೆ ಒಳಗೊಳಗೇ ಸಂತೋಷವಾದರೂ, ಇದು ನಗುವ ವಿಷಯವಲ್ಲ. ನಮ್ಮ ಸಂಪರ್ಕದಿಂದ ಯಾರಾದರೂ ಅಪರಾಧ ಮಾಡಿದರೆ ಮೊದಲ ವಿಚಾರಣೆ ನಮ್ಮ ಬಾಗಿಲಿಗೇ ಬರುತ್ತದೆ. ಪೆಟ್ಟಿಗೆಯ ಒಳಗನ್ನು ತೆರೆಯುವ ಇನ್ನೊಂದು ಪಾಸ್‌ವರ್ಡು ಬೇರೆ ಇದೆ. ಎಷ್ಟೋ ಮನೆಗಳಲ್ಲಿ ಅದು ಕಾರ್ಖಾನೆಯಿಂದ ಬಂದಂತೆಯೇ ಇರುತ್ತದೆ. ೨೦೧೬ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವೊಂದು, ಹೀಗೆ ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಲಕ್ಷಾಂತರ ರೂಟರುಗಳನ್ನೂ ಕ್ಯಾಮೆರಾಗಳನ್ನೂ ವಶಮಾಡಿಕೊಂಡು, ದೊಡ್ಡ ದೊಡ್ಡ ಜಾಲತಾಣಗಳನ್ನು ನಿಲ್ಲಿಸಿಬಿಟ್ಟಿತು. ಕ್ಯಾಮೆರಾದ ಯಜಮಾನನಿಗೆ ಅದರ ಸುಳಿವೂ ಇರಲಿಲ್ಲ.

ಆದುದರಿಂದ ಎರಡು ಪಾಸ್‌ವರ್ಡುಗಳನ್ನೂ ಬದಲಾಯಿಸಬೇಕು. ನಾಲ್ಕೈದು ಸಂಬಂಧವಿಲ್ಲದ ಪದಗಳನ್ನು ಕೂಡಿಸಿದ ಉದ್ದವಾದ ಪಾಸ್‌ವರ್ಡು ಒಳ್ಳೆಯದು. ರಕ್ಷಣೆಯ ಕ್ರಮದಲ್ಲಿ ‘ಡಬ್ಲ್ಯುಪಿಎ ೩’ ಇದ್ದರೆ ಅದನ್ನು, ಇಲ್ಲದಿದ್ದರೆ ‘ಡಬ್ಲ್ಯುಪಿಎ ೨’ ಅನ್ನು ಆರಿಸಬೇಕು. ‘ಡಬ್ಲ್ಯುಇಪಿ’ ಎಂಬ ಹಳೆಯದು ೨೦೦೧ರಲ್ಲಿಯೇ ಮುರಿದ ಬೀಗ. ಬಂದ ನೆಂಟರಿಗೆ ‘ಅತಿಥಿ ಜಾಲ’ವನ್ನು ಬೇರೆಯಾಗಿ ಕೊಡಬಹುದು. ಅತಿಥಿಗೆ ಜಗಲಿಯಲ್ಲಿ ಮಣೆ ಹಾಕುವೆವು, ಬೀರುವಿನ ಬೀಗದ ಕೈ ಕೊಡುವುದಿಲ್ಲವಷ್ಟೆ.

ಪಾಸ್‌ವರ್ಡು ಬದಲಾಯಿಸಿದ ಮರುದಿನ ವಠಾರದ ಹುಡುಗನೊಬ್ಬನು ತಾಯಿಯೊಡನೆ ಬಂದು ತಲೆ ತಗ್ಗಿಸಿ ನಿಂತನು. “ಮೇಷ್ಟ್ರೇ, ತಪ್ಪಾಯ್ತು. ಪರೀಕ್ಷೆಗೆ ಪಾಠ ನೋಡ್ತಿದ್ದೆ” ಎಂದನು. ನಿಜವಿರಬಹುದು, ಅರ್ಧ ನಿಜವಿರಬಹುದು. ಪರೀಕ್ಷೆ ಮುಗಿಯುವವರೆಗೆ ಸಂಜೆ ಎರಡು ಗಂಟೆ ನಮ್ಮ ಜಗಲಿಯಲ್ಲಿ ಕುಳಿತು, ನನ್ನ ಕಣ್ಣೆದುರಿಗೆ, ಅತಿಥಿ ಜಾಲದಲ್ಲಿ ಓದಿಕೊಳ್ಳುವಂತೆ ಹೇಳಿದೆನು. ಈಗ ಇಬ್ಬರು ಬರುತ್ತಿದ್ದಾರೆ. ಜೊತೆಗೆ ಸ್ವಲ್ಪ ವ್ಯಾಕರಣವೂ ನಡೆಯುತ್ತಿದೆ.

ಇನ್ನು ಮುಗಿಸುತ್ತೇನೆ. ಎಲ್ಲವೂ ಸಿದ್ಧವಾದ ಮೇಲೆ ಮಗನ ಕೋಣೆಯಲ್ಲಿ ತಂತಿಯ ವೇಗವು ಬಾಗಿಲಲ್ಲಿದ್ದಷ್ಟೇ ಬಂದಿತು; ಗಾಳಿಯ ಬಲವು ಋಣ ೮೧ರಿಂದ ೪೫ಕ್ಕೆ ಏರಿತು. ಒಂದು ತಿಂಗಳು ಆತನು ಏನನ್ನೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ಶ್ರಾವಣದ ಒಂದು ಸಂಜೆ ಜಡಿಮಳೆ ಹಿಡಿದು ದೀಪಗಳು ಆರಿದ್ದವು. ತೊಟ್ಟಿಯಲ್ಲಿ ನೀರು ಸುರಿಯುತ್ತಿದ್ದಿತು. ಒಳಕೋಣೆಯಲ್ಲಿ ಮಾತ್ರ ಆತನ ಮಾತು ತಡೆಯಿಲ್ಲದೆ ಒಂದು ಗಂಟೆ ಕೇಳಿಸುತ್ತಿದ್ದಿತು. ಮುಗಿಸಿ ಹೊರಗೆ ಬಂದವನು, ಕಂಬಕ್ಕೆ ಒರಗಿ ನಿಂತು, “ಅಪ್ಪಾ, ಬೆಂಗಳೂರಿನ ಮನೆಯವರಿಗೆ ಬೇಡ ಅಂತ ಹೇಳಿಬಿಟ್ಟೆ” ಎಂದನು. ನಮ್ಮಾಕೆ ಒಳಗೆ ಹೋಗಿ ಕಾಫಿಗೆ ನೀರಿಟ್ಟಳು.

ನಾಳೆ ಕಛೇರಿಯವರೇ ಕರೆದರೆ ಆತನು ಹೋಗಲೇಬೇಕಾದೀತು. ಅದು ನಮ್ಮ ಕೈಯಲ್ಲಿಲ್ಲ. ನಮ್ಮ ಮನೆಯ ಲೋಪದಿಂದ ಮಾತ್ರ ಆತನು ಹೋಗಬೇಕಾಗಿಲ್ಲ. ನಕ್ಷೆ, ಅಂಕಿ, ಯಾವ ಕೇಬಲ್ಲು ಎಲ್ಲಿಗೆ, ಎಲ್ಲವನ್ನೂ ಬರೆದ ಆ ನೋಟುಪುಸ್ತಕವು ಈಗ ಮನೆಯ ಪತ್ರಗಳೊಡನೆ ಪೆಟ್ಟಿಗೆಯಲ್ಲಿದೆ. ನನ್ನ ತರುವಾಯ ನೋಡುವವರಿಗೂ ಬೇಕಾದೀತು. ವಾಚಕ ಮಹಾಶಯರು ಏನನ್ನಾದರೂ ಕೊಳ್ಳುವುದಕ್ಕೆ ಮೊದಲು ಒಂದು ಹಾಳೆಯ ಮೇಲೆ ತಮ್ಮ ಮನೆಯ ನಕ್ಷೆಯನ್ನು ಬರೆಯಲಿ. ನಿಂತಲ್ಲಿಯೇ ಇರುವ ವಸ್ತುಗಳು ಯಾವುವು, ಓಡಾಡುವ ವಸ್ತುಗಳು ಯಾವುವು ಎಂದು ಗುರುತುಮಾಡಲಿ. ಗೋಡೆಯಲ್ಲಿ ಮರೆತುಹೋದ ಹಳೆಯ ತೂತೊಂದು ಇದೆಯೇ ಎಂದೂ ಹುಡುಕಿ ನೋಡಲಿ.